ಬಾಳುವ ದೀಪ, ಮರಳುವ ದೀಪ

ದೀಪ ಪರಿಸರಸ್ನೇಹಿ ಎನಿಸಲು ಕರೆಂಟ್ ಉಳಿಸಿದರಷ್ಟೇ ಸಾಲದು. ಅದು ಬಹುಕಾಲ ಬಾಳಬೇಕು, ಕೆಟ್ಟರೆ ರಿಪೇರಿಯಾಗಬೇಕು, ಕೊನೆಗೆ ಅದರ ಲೋಹ, ಗಾಜು, ಪ್ಲಾಸ್ಟಿಕ್‌ಗಳು ಮತ್ತೆ ಬಳಕೆಗೆ ಬರಬೇಕು. ಬಿಸಾಡದೆ ವಸ್ತುವನ್ನು ಹೀಗೆ ಚಲಾವಣೆಯಲ್ಲಿಡುವುದೇ ವೃತ್ತಾಕಾರದ ಆರ್ಥಿಕತೆ.

ಆಯುಷ್ಯ ಕಡಿದ ಒಪ್ಪಂದ

1924ರಲ್ಲಿ ಫಿಲಿಪ್ಸ್, ಓಸ್ರಾಮ್ ಮೊದಲಾದ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಫೀಬಸ್ ಎಂಬ ಕೂಟ ಕಟ್ಟಿಕೊಂಡವು. 1,500ರಿಂದ 2,000 ಗಂಟೆ ಉರಿಯುತ್ತಿದ್ದ ಬಲ್ಬಿನ ಆಯುಷ್ಯವನ್ನು 1,000 ಗಂಟೆಗೆ ಇಳಿಸಿದವು. ಮಿತಿ ಮೀರಿ ಬಾಳುವ ಬಲ್ಬ್ ಮಾಡಿದವರಿಗೆ ದಂಡ ಬೀಳುತ್ತಿತ್ತು. ಆಯುಷ್ಯ ಕಡಿಮೆಯಾದರೆ ಬೆಳಕು ಪ್ರಖರವಾಗುತ್ತದೆ ಎಂಬ ಅವರ ಸಮರ್ಥನೆಯಲ್ಲಿ ತಾಂತ್ರಿಕ ಹುರುಳಿತ್ತು. ಆದರೆ ಬಲ್ಬ್ ಬೇಗ ಸುಟ್ಟಷ್ಟೂ ವ್ಯಾಪಾರ ಹೆಚ್ಚುತ್ತಿದ್ದುದೂ ಅಷ್ಟೇ ನಿಜ.

ಎಲ್‌ಇಡಿಯ ಬಲ, ದೌರ್ಬಲ್ಯ

ಹಳೆಯ 60 ವ್ಯಾಟ್ ಬಲ್ಬಿನಷ್ಟು ಬೆಳಕಿಗೆ ಇಂದು ಸುಮಾರು 9 ವ್ಯಾಟ್ ಎಲ್‌ಇಡಿ ಸಾಕು. 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾಗಿವೆ.

ಇಷ್ಟು ಬಲ್ಬುಗಳು ಮುಂದೆ ಏನಾಗುತ್ತವೆ? ಎಲ್‌ಇಡಿ ಬಲ್ಬ್ ಆರಿತೆಂದರೆ ಒಳಗಿನದೆಲ್ಲ ಸತ್ತಿತೆಂದಲ್ಲ. ಎಷ್ಟೋ ಸಲ ಕೆಡುವುದು ವಿದ್ಯುತ್ತನ್ನು ಹದಗೊಳಿಸುವ ಡ್ರೈವರ್. ಬಿಸಿಗೆ ಅದರ ಕೆಪಾಸಿಟರ್ ಒಣಗುತ್ತದೆ. ಬೆಳಕು ಕೊಡುವ ಚಿಪ್‌ಗಳು ಒಂದರ ಹಿಂದೊಂದು ಸೀರೀಸ್‌ನಲ್ಲಿದ್ದರೆ ಒಂದು ಸುಟ್ಟರೂ ಎಲ್ಲವೂ ಆರುತ್ತವೆ. ರಿಪೇರಿ ಬಲ್ಲವರು ಮೇಲಿನ ಮುಚ್ಚಳ ಬಿಚ್ಚಿ, ಕಪ್ಪು ಚುಕ್ಕೆ ಬಿದ್ದ ಚಿಪ್ ಬದಲಿಸಿ ಮತ್ತೆ ಉರಿಸುತ್ತಾರೆ. ಅಂಟು ಹಾಕಿ ಭದ್ರವಾಗಿ ಮುಚ್ಚಿದ ಬಲ್ಬಿಗೆ ಆ ಭಾಗ್ಯವಿಲ್ಲ. ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳ ಕಷ್ಟವೇ ಬೇರೆ: ಅವುಗಳಲ್ಲಿ ಪಾದರಸವಿರುವುದರಿಂದ ಒಡೆಯದಂತೆ ಇ-ತ್ಯಾಜ್ಯ ಸಂಗ್ರಹಕ್ಕೇ ಕೊಡಬೇಕು.

ಬಲ್ಬ್ ಅಲ್ಲ, ಬೆಳಕು ಮಾರಾಟ

ಫೀಬಸ್ ಕೂಟದಲ್ಲಿದ್ದ ಫಿಲಿಪ್ಸ್ 2015ರಲ್ಲಿ ಬೇರೆಯೇ ದಾರಿ ತೋರಿತು. ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣ ತನ್ನ ಒಂದು ನಿರ್ಗಮನ ವಿಭಾಗಕ್ಕೆ ದೀಪ ಕೊಳ್ಳಲಿಲ್ಲ, ಬಳಸುವ ಬೆಳಕಿಗೆ ಹಣ ಕೊಡುವ ಒಪ್ಪಂದ ಮಾಡಿಕೊಂಡಿತು. ದೀಪಗಳು ಫಿಲಿಪ್ಸ್‌ನ ಸ್ವತ್ತಾಗಿಯೇ ಉಳಿದವು. ಕೆಟ್ಟರೆ ನಷ್ಟ ಕಂಪನಿಯದೇ ಆದ್ದರಿಂದ ಬಿಡಿಭಾಗ ಸುಲಭವಾಗಿ ಬದಲಾಗುವಂತೆ, ಸಾಮಾನ್ಯ ದೀಪಗಳಿಗಿಂತ ಶೇ 75ರಷ್ಟು ಹೆಚ್ಚು ಬಾಳುವಂತೆ ಅವನ್ನು ವಿನ್ಯಾಸ ಮಾಡಲಾಯಿತು.

ತಿರುಳು

ಬಲ್ಬ್ ಮಾರಿದಾಗ ಅಲ್ಪಾಯುಷ್ಯ ಲಾಭ, ಬೆಳಕು ಮಾರಿದಾಗ ದೀರ್ಘಾಯುಷ್ಯ ಲಾಭ. ತಯಾರಿಸಿದವರ ಹೊಣೆ ಅಂಗಡಿಯಲ್ಲೇ ಮುಗಿಯದಂತೆ ನಿಯಮ ಮತ್ತು ಒಪ್ಪಂದಗಳು ನೋಡಿಕೊಂಡರೆ, ಬಿಚ್ಚಿ ಸರಿಪಡಿಸಬಹುದಾದ ದೀಪ ನಮ್ಮ ಮನೆಗಳಿಗೂ ಬಂದೀತು.