ಮಣ್ಣಿನ ಬ್ಲಾಕಿನಿಂದ ಇಂಗುಬಾವಿಯವರೆಗೆ: ಬೆಂಗಳೂರಿನ ಹಸಿರು ಕಟ್ಟಡ ಚಿಂತನೆಯ ಚರಿತ್ರೆ

ಹಸಿರು ಕಟ್ಟಡವೆಂದರೆ ಶ್ರೇಯಾಂಕದ ಫಲಕ ಹೊತ್ತ ಗಾಜಿನ ಕಚೇರಿ ಎಂಬ ಕಲ್ಪನೆ ಇಂದು ರೂಢವಾಗಿದ್ದರೂ ಚರಿತ್ರೆಯ ಕಾಲಾನುಕ್ರಮ ಅದನ್ನು ಸಮರ್ಥಿಸುವುದಿಲ್ಲ. ಕಟ್ಟಡಗಳನ್ನು ಪರಿಸರದ ದೃಷ್ಟಿಯಿಂದ ಅಳೆದು ಅಂಕ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ 1990ರಲ್ಲಿ ‘ಬ್ರೀಯಂ’ ಎಂಬ ಹೆಸರಿನಿಂದ ಮೊದಲಾಯಿತು. ಅಮೆರಿಕದ ‘ಲೀಡ್’ ಬಂದದ್ದು 1998ರಲ್ಲಿ. ಭಾರತದ್ದೇ ಆದ ‘ಗೃಹ’ ಮಾನದಂಡ ರೂಪುಗೊಂಡದ್ದು 2007ರಲ್ಲಿ. ಕಡಿಮೆ ಇಂಧನದಲ್ಲಿ, ಸ್ಥಳೀಯ ಮಣ್ಣಿನಲ್ಲಿ ಬಾಳಿಕೆಯ ಮನೆ ಕಟ್ಟುವುದು ಹೇಗೆಂಬ ಪ್ರಶ್ನೆಯಾದರೋ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇವೆಲ್ಲಕ್ಕಿಂತ ಮೊದಲೇ ಪ್ರಯೋಗಶಾಲೆಯನ್ನು ಪ್ರವೇಶಿಸಿತ್ತು.

ಹಳ್ಳಿಗಳ ಅಗತ್ಯಕ್ಕೆ ವಿಜ್ಞಾನವನ್ನು ಒಗ್ಗಿಸುವ ಉದ್ದೇಶದಿಂದ ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಆ ಸಂಸ್ಥೆಯೊಳಗೆ ‘ಅಸ್ತ್ರ’ ಎಂಬ ಘಟಕ ಹುಟ್ಟಿಕೊಂಡಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದ ಈ ಘಟಕವನ್ನು ಕನ್ನಡ ನಾಡು ಬಹುಮಟ್ಟಿಗೆ ಸೌದೆ ಉಳಿಸುವ ಅಸ್ತ್ರ ಒಲೆಯಿಂದ ಮಾತ್ರ ನೆನೆಯುತ್ತದೆ; ಕಟ್ಟಡ ಸಾಮಗ್ರಿಗಳ ಕುರಿತು ಕೆ. ಎಸ್. ಜಗದೀಶ್ ಮತ್ತು ಅನಂತರ ಬಿ. ವಿ. ವೆಂಕಟರಾಮ ರೆಡ್ಡಿ ನಡೆಸಿದ ಸಂಶೋಧನೆಗೆ ಅಷ್ಟು ಪ್ರಸಿದ್ಧಿ ಸಿಗಲಿಲ್ಲ. ಇಂಧನದ ಲೆಕ್ಕಾಚಾರವೇ ಎರಡಕ್ಕೂ ಮೂಲ. 1973ರ ತೈಲ ಬಿಕ್ಕಟ್ಟಿನ ಬೆನ್ನಲ್ಲೇ ರೂಪುಗೊಂಡ ಈ ಚಿಂತನೆ, ಸೌದೆ ನುಂಗುವ ಒಲೆಯನ್ನು ನೋಡಿದ ಕಣ್ಣಿನಿಂದಲೇ ಇಟ್ಟಿಗೆ ಗೂಡನ್ನೂ ನೋಡಿತು.

ಈ ಸಂಶೋಧನೆಯ ಕೇಂದ್ರದಲ್ಲಿದ್ದುದು ಸ್ಥಿರೀಕೃತ ಮಣ್ಣಿನ ಬ್ಲಾಕು, ಅಂದರೆ ಜರಡಿ ಹಿಡಿದ ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟು ಬೆರೆಸಿ, ಹದವಾದ ತೇವದಲ್ಲಿ ಕೈಯಂತ್ರದಿಂದ ಒತ್ತಿ, ಸುಡದೆ, ನೀರುಣಿಸಿ ಗಟ್ಟಿಗೊಳಿಸಿದ ಇಟ್ಟಿಗೆ. ಇಂಥ ಒತ್ತುಯಂತ್ರದ ಮೊದಲ ಪ್ರಸಿದ್ಧ ಮಾದರಿಯಾದ ‘ಸಿನ್ವಾ–ರಾಮ್’ 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ತಯಾರಾಗಿತ್ತು. ಬೆಂಗಳೂರಿನ ಸಂಶೋಧಕರ ಮುಖ್ಯ ಕೊಡುಗೆಯನ್ನು ಯಂತ್ರಕ್ಕಿಂತಲೂ ಮಣ್ಣಿನ ಗುಣಪರೀಕ್ಷೆಯಲ್ಲಿ ಗುರುತಿಸುವುದು ಸರಿಯಾದೀತು. ಮಣ್ಣಿನ ಗೋಡೆಯ ಸೋಲು ಒಣಗಿದಾಗಲ್ಲ, ನೆನೆದಾಗ. ಆದುದರಿಂದ ನೆನೆದ ಬ್ಲಾಕು ಎಷ್ಟು ಭಾರ ತಾಳುತ್ತದೆಂಬುದೇ ಒರೆಗಲ್ಲಾಯಿತು. ಮರಳಿನ ಪಾಲು ಹೆಚ್ಚಿದ್ದು ಜೇಡಿಯ ಪಾಲು ಮಿತವಾಗಿರುವ ಮಣ್ಣು ಸಿಮೆಂಟಿಗೆ ಒಗ್ಗುವುದರಿಂದ, ಹಳೆ ಮೈಸೂರು ಸೀಮೆಯ ಕೆಂಪು ಮಣ್ಣನ್ನು ಮರಳು ಸೇರಿಸಿ ಸುಲಭವಾಗಿ ಹದಕ್ಕೆ ತರಬಹುದು. ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಬಯಲುಸೀಮೆಯ ಎರೆಮಣ್ಣಿಗೆ ಸಿಮೆಂಟೊಂದೇ ಸಾಲದೆ ಸುಣ್ಣವೂ ಬೇಕಾಗುತ್ತದೆ. ಒಂದೇ ಸೂತ್ರ ಎಲ್ಲ ಊರಿಗೂ ಸಲ್ಲದೆಂಬ ಈ ತಿಳಿವಳಿಕೆ ಶ್ರೇಯಾಂಕ ಪಟ್ಟಿಗಳಲ್ಲಿ ಅಪರೂಪವೇ.

ಜಗದೀಶ್ ಮತ್ತು ವೆಂಕಟರಾಮ ರೆಡ್ಡಿ 2003ರಲ್ಲಿ ಪ್ರಕಟಿಸಿದ ಪ್ರಬಂಧವು ಸಾಮಗ್ರಿಗಳ ಅಂತರ್ಗತ ಶಕ್ತಿಯನ್ನು, ಎಂದರೆ ಒಂದು ವಸ್ತುವನ್ನು ಗಣಿಯಿಂದ ತೆಗೆದು, ಸಂಸ್ಕರಿಸಿ, ಸಾಗಿಸುವಷ್ಟರಲ್ಲಿ ವ್ಯಯವಾಗುವ ಶಕ್ತಿಯನ್ನು, ಲೆಕ್ಕ ಹಾಕಿತು. ಸುಟ್ಟ ಇಟ್ಟಿಗೆಯ ಒಂದು ಘನ ಮೀಟರ್ ಗೋಡೆಗೆ ಸುಮಾರು 2,140 ಮೆಗಾಜೂಲ್ ತಗಲುವಲ್ಲಿ ಮಣ್ಣಿನ ಬ್ಲಾಕಿನ ಗೋಡೆಗೆ ಸುಮಾರು 650ರಿಂದ 800 ಸಾಕು. ಇಟ್ಟಿಗೆ ಗೋಡೆ ಮತ್ತು ಕಾಂಕ್ರೀಟ್ ತಾರಸಿಯ ಎರಡಂತಸ್ತಿನ ಮನೆಗೆ ಚದರ ಮೀಟರಿಗೆ 2.92 ಗಿಗಾಜೂಲ್ ಆದರೆ, ಮಣ್ಣಿನ ಬ್ಲಾಕು ಮತ್ತು ಫಿಲ್ಲರ್ ಸ್ಲ್ಯಾಬಿನ ಮನೆಗೆ 1.61. ತಾರಸಿಯ ಕೆಳಭಾಗದಲ್ಲಿ ಭಾರ ಹೊರದ ಕಾಂಕ್ರೀಟಿನ ಜಾಗಕ್ಕೆ ಮಂಗಳೂರು ಹೆಂಚಿನಂಥ ಅಗ್ಗದ ವಸ್ತುವನ್ನು ತುಂಬುವ ವಿಧಾನವೇ ಫಿಲ್ಲರ್ ಸ್ಲ್ಯಾಬು. ತಿರುವನಂತಪುರದಲ್ಲಿ ಲಾರಿ ಬೇಕರ್ ಅದನ್ನು ಜನಪ್ರಿಯಗೊಳಿಸಿದ್ದರು. ಇದಕ್ಕೆ ಹೋಲಿಸಿದರೆ, ಇಡೀ ಕಟ್ಟಡದ ಜೀವಿತಾವಧಿಯ ಪರಿಣಾಮವನ್ನು ಅಳೆಯುವುದಕ್ಕೆ ಲೀಡ್ ಪದ್ಧತಿ ಅಂಕ ಮೀಸಲಿಟ್ಟದ್ದು 2013ರ ನಾಲ್ಕನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಅದರ ಮುಖ್ಯ ಒತ್ತು ಹವಾನಿಯಂತ್ರಣ ಮತ್ತು ದೀಪಗಳ ಉಳಿತಾಯದ ಮೇಲಿದ್ದುದರಿಂದ, ಹವಾನಿಯಂತ್ರಣವೇ ಬೇಡದ ಸಾಧಾರಣ ಮನೆ ಅದರ ದೃಷ್ಟಿಗೆ ಬೀಳುವುದು ಕಷ್ಟವಿತ್ತು.

ಮನೆಯ ಮಟ್ಟದಲ್ಲಿ ಹೀಗೆ ಸ್ಪಷ್ಟಗೊಂಡ ಚಿಂತನೆ ಬಡಾವಣೆಯ ಮಟ್ಟದಲ್ಲಿ ಹಿಂದುಳಿಯಿತು. ಶಾಲೆಯನ್ನು ನಡುವೆ ಇಟ್ಟು, ನಡೆದು ತಲುಪಬಹುದಾದ ದೂರದಲ್ಲಿ ಮನೆ, ಅಂಗಡಿ, ಉದ್ಯಾನಗಳನ್ನು ಹೊಂದಿಸುವ ‘ನೆರೆಹೊರೆ ಘಟಕ’ದ ತತ್ತ್ವವನ್ನು ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ಮಂಡಿಸಿದ್ದರು; ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಆಟೊ ಕೋನಿಗ್ಸ್‌ಬರ್ಗರ್ ಅದನ್ನು ಭುವನೇಶ್ವರದ ಯೋಜನೆಗೆ ಅಳವಡಿಸಿದರು. ಬೆಂಗಳೂರಿನಲ್ಲಿ ಬಡಾವಣೆಯ ಪರಿಸರ ಚಿಂತನೆಗೆ ಕೀಲಿಯಾದದ್ದು ನಡಿಗೆಯಲ್ಲ, ನೀರು. ಅಸ್ತ್ರ ಹುಟ್ಟಿದ 1974ರಲ್ಲೇ ಕಾವೇರಿ ಯೋಜನೆಯ ಮೊದಲ ಹಂತ ಕಾರ್ಯಾರಂಭ ಮಾಡಿ, ಸುಮಾರು 100 ಕಿಲೋಮೀಟರ್ ದೂರದ ನದಿನೀರನ್ನು ವಿದ್ಯುತ್ತಿನ ಬಲದಿಂದ ಮೇಲೆತ್ತಿ ತರುವ ಮಾರ್ಗವನ್ನು ನಗರ ಹಿಡಿದಿತ್ತು. ಆದರೆ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ 100 ಚದರ ಮೀಟರಿನ ಚಾವಣಿಯೊಂದರ ಮೇಲೆಯೇ 90,000 ಲೀಟರಿಗೂ ಮಿಕ್ಕಿ ನೀರು ಸುರಿಯುತ್ತದೆ. ಜಲಮಂಡಳಿಯ ಕಾಯಿದೆಗೆ 2009ರಲ್ಲಿ ತಂದ ತಿದ್ದುಪಡಿ, 60×40 ಅಡಿಯ ಹಾಗೂ ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೆ, ಹಾಗೂ 30×40 ಅಡಿಯಿಂದ ಮೇಲ್ಪಟ್ಟ ಹೊಸ ಮನೆಗಳಿಗೆ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿತು.

ಈ ಕಾಯಿದೆ ನಿವೇಶನವನ್ನೇ ಘಟಕವಾಗಿ ಹಿಡಿಯುತ್ತದೆ. ಅಂತರ್ಜಲವಾದರೋ ಇಡೀ ಬಡಾವಣೆಯ ಆಸ್ತಿ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯ ನಿವಾಸಿಗಳು ಖಾಸಗಿ ಕೊಳವೆಬಾವಿಗಳನ್ನು ತಡೆದು, ಚರಂಡಿ ಸೇರುತ್ತಿದ್ದ ಮಳೆನೀರನ್ನು ಇಂಗುಬಾವಿಗಳಿಗೆ ತಿರುಗಿಸಿ, ಹೆಚ್ಚು ಬಳಸಿದವರು ಹೆಚ್ಚು ತೆರುವಂತೆ ನೀರಿನ ದರ ನಿಗದಿ ಮಾಡಿಕೊಂಡದ್ದರ ಮಹತ್ತ್ವ ಇಲ್ಲಿದೆ. ಅಂಥ ಬಾವಿಗಳನ್ನು ತೋಡುವ ಸಾಂಪ್ರದಾಯಿಕ ಕುಶಲಿಗಳಿಗೂ ನಗರದಲ್ಲಿ ಮತ್ತೆ ಕೆಲಸ ಸಿಕ್ಕಿದೆ. ಆದರೂ ಇದನ್ನು ಸುಸ್ಥಿರ ನೆರೆಹೊರೆಯ ಪೂರ್ಣ ಮಾದರಿಯೆನ್ನಲು ಬರುವುದಿಲ್ಲ. ನಗರದ ಅಂಚಿನಲ್ಲಿ ಗೇಟಿನೊಳಗೆ ಬೆಳೆದ ಇಂಥ ಬಡಾವಣೆಗಳಲ್ಲಿ ನೀರಿನ ಲೆಕ್ಕ ಸರಿಹೊಂದಿದರೂ, ಕಚೇರಿಗೂ ಶಾಲೆಗೂ ಕಾರನ್ನೇ ನೆಚ್ಚಬೇಕಾಗಿರುವುದರಿಂದ ಪೆರಿ ಹೇಳಿದ ನಡಿಗೆಯ ಅಳತೆ ಅಲ್ಲಿಗೆ ಇನ್ನೂ ಅನ್ವಯಿಸುವಂತಿಲ್ಲ.