ಕೊಯ್ಯೋ ಕೈ, ಕಾಯೋ ಕೈ

(ಈ ವಾರದ ಎಪಿಸೋಡ್‌ನ ಅಕ್ಷರರೂಪ)

ಇವತ್ತಿನ ಕಥೆ ಶುರುವಾಗೋದು ಒಂದು ಮೂಗಿನಿಂದ. ಇಯರ್‌ಫೋನ್ ಹಾಕ್ಕೊಂಡು ಊಟ ಮಾಡ್ತಾ ಇದ್ದರೆ ಮೊದಲು ಊಟ ಮುಗಿಸಿಬಿಡಿ. ಸ್ವಲ್ಪ ರಕ್ತ ಇದೆ ಇದರಲ್ಲಿ.

1792ನೇ ಇಸವಿ, ಮೂರನೇ ಮೈಸೂರು ಯುದ್ಧ. ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದೆ. ನಾನಿರೋ ಕೆಸರೆಯಿಂದ ಬೆಂಗಳೂರು ರಸ್ತೆ ಹಿಡಿದರೆ ಬೈಕಲ್ಲಿ ಅರ್ಧ ಗಂಟೆ ದಾರಿ ಅದು. ಆ ಸೈನ್ಯದ ಜೊತೆ ಎತ್ತು ಹೊಡೆಯೋ ಕೆಲಸಕ್ಕೆ ಬಂದಿದ್ದವನು ಕಾವಸ್ಜಿ ಅನ್ನೋ ಮರಾಠ. ಟಿಪ್ಪು ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. (ಟಿಪ್ಪು ಬಗೆಗಿನ ವಾದಕ್ಕೆ ನಾನು ಇವತ್ತು ಹೋಗಲ್ಲ, ಅದಕ್ಕೆ ಬೇರೆ ಎಪಿಸೋಡೇ ಬೇಕು.) ಆಮೇಲೆ ಕಂಪನಿ ಅವನಿಗೆ ಪಿಂಚಣಿ ಕೊಡ್ತು. ಮೂಗು ಮಾತ್ರ ಇಲ್ಲ. ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಹಾಗೇ ಇದ್ದ.

ಆಮೇಲೆ ಪುಣೆ ಹತ್ತಿರ ಒಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮಾಡಿದವನು ವೈದ್ಯನಲ್ಲ, ಇಟ್ಟಿಗೆ ಮಾಡೋರ ಜಾತಿಯವನು. ಮಣ್ಣು ತುಳಿದು, ಕಲಸಿ, ಅಚ್ಚಿಗೆ ಹಾಕಿ ಪಳಗಿದ ಕೈಗಳ ಮನೆತನ. ಅವನು ಮೊದಲು ಮೇಣದ ತೆಳು ಹಾಳೆಯಿಂದ ಮೂಗಿನ ಆಕಾರ ಮಾಡಿದ. ಅದನ್ನ ಚಪ್ಪಟೆ ಮಾಡಿ ಹಣೆ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯುದ್ದಕ್ಕೂ ಚರ್ಮ ಬಿಡಿಸಿ, ಹುಬ್ಬಿನ ನಡುವೆ ಒಂದು ಎಳೆ ಮಾತ್ರ ಅಂಟಿಕೊಂಡಿರೋ ಹಾಗೆ ಉಳಿಸಿ, ಅಷ್ಟನ್ನೂ ಕೆಳಕ್ಕೆ ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಿದ. ಅಂಟಿಸೋಕೆ ಬಳಸಿದ್ದು ಕಾಚು. ಹೌದು, ಎಲೆಅಡಿಕೆಗೆ ಹಾಕ್ಕೊಳ್ಳೋ ಅದೇ ಕಾಚು. ಅದನ್ನ ನೀರಲ್ಲಿ ಕಲಸಿ, ಬಟ್ಟೆ ಚೂರುಗಳಿಗೆ ಬಳಿದು, ಒಂದರ ಮೇಲೊಂದು ಐದಾರು ಪದರ ಹಾಕಿದ. ನಾಲ್ಕು ದಿನ ಆದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು ಇಪ್ಪತ್ತೈದನೇ ದಿನಕ್ಕೆ ಹುಬ್ಬಿನ ಹತ್ತಿರದ ಎಳೆಯನ್ನ ಕತ್ತರಿಸಿದ. ಮೂಗು ನಿಂತಿತು.

ಈ ವಿವರಗಳೆಲ್ಲ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್'ನಲ್ಲಿ ಬಂದವು, ಕಾವಸ್ಜಿಯ ಚಿತ್ರದ ಸಮೇತ. ಅದನ್ನ ಓದಿದ ಜೋಸೆಫ್ ಕಾರ್ಪ್ಯೂ ಅನ್ನೋ ಲಂಡನ್ ಸರ್ಜನ್ ವರ್ಷಗಟ್ಟಲೆ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಮೊದಲ ಸಲ ಜೀವಂತ ಮನುಷ್ಯನ ಮೇಲೆ ಮಾಡಿದರು. ಇವತ್ತಿನ ಪ್ಲಾಸ್ಟಿಕ್ ಸರ್ಜರಿ ಪುಸ್ತಕಗಳಲ್ಲಿ ಈ ವಿಧಾನದ ಹೆಸರೇ 'ಭಾರತೀಯ ವಿಧಾನ'.

ಈ ಕಥೆಯನ್ನ ನೀವು ಎಲ್ಲೋ ಕೇಳಿರಬಹುದು, ರೀಲ್ಸ್‌ನಲ್ಲಿ ಎದೆ ಉಬ್ಬಿಸಿ ಹೇಳ್ತಾರೆ. ನನಗೆ ಕಾಡಿದ್ದು ಬೇರೆ. ಆ ಬರಹದಲ್ಲಿ ಮೇಣ ಇದೆ, ಕಾಚು ಇದೆ, ತುಪ್ಪ ಇದೆ, ಎಷ್ಟನೇ ದಿನ ಏನು ಮಾಡಿದರು ಅನ್ನೋದಿದೆ. ಆ ಹನ್ನೆರಡು ತಿಂಗಳ ಬಗ್ಗೆ ಇರೋದು ಅರ್ಧ ವಾಕ್ಯ. ಮೂಗಿಲ್ಲದೆ, ಒಂದು ಕೈಯಿಲ್ಲದೆ ಆ ಮನುಷ್ಯ ದಿನ ಹೇಗೆ ಕಳೆದ? ಉಳಿದ ಒಂದು ಕೈಯಲ್ಲಿ ಏನು ಮಾಡ್ತಿದ್ದ? ಕೊಯ್ಯೋ ಕೈಗೆ ಚರಿತ್ರೆ ಇದೆ, ಕಾಯೋನಿಗೆ ಅರ್ಧ ವಾಕ್ಯ.

ಇದು ಯಾಕೆ ಕಾಡ್ತು ಅಂತ ಹೇಳಿಬಿಡ್ತೀನಿ. ನನ್ನ ಕತ್ತಲ್ಲಿ ಒಂದು ಗಂಟಿದೆ, ಥೈರಾಯ್ಡ್ ಗಂಟು. ಸೂಜಿ ಪರೀಕ್ಷೆಯಲ್ಲಿ ಹೌದು ಅಂತಾನೂ ಬರಲಿಲ್ಲ, ಇಲ್ಲ ಅಂತಾನೂ ಬರಲಿಲ್ಲ. ಅರ್ಧ ಗ್ರಂಥಿ ತೆಗೆದು ನೋಡಿದರೇ ಗೊತ್ತಾಗೋದು ಅಂದರು. ಡೇಟ್ ಎರಡು ಸಲ ಮುಂದಕ್ಕೆ ಹೋಗಿದೆ. ಡಾಕ್ಟರು ಸಮಾಧಾನವಾಗಿ ಇನ್ನೊಂದು ಮಾತೂ ಹೇಳಿದರು: ಆ ಗ್ರಂಥಿಯ ಹಿಂದೆಯೇ ಧ್ವನಿಪೆಟ್ಟಿಗೆಗೆ ಹೋಗೋ ನರ ಇದೆ. ಅಪಾಯ ಕಮ್ಮಿ, ಆದರೆ ಇದೆ. ಮಾತಾಡಿ ಹೊಟ್ಟೆ ಹೊರೆಯೋಳಿಗೆ 'ಕಮ್ಮಿ' ಅನ್ನೋ ಪದ ರಾತ್ರಿ ಎರಡು ಗಂಟೆಗೆ ಎಷ್ಟು ದೊಡ್ಡದಾಗಿ ಕೇಳಿಸುತ್ತೆ ಗೊತ್ತಾ?

ಈ ನರದ ಕಥೆ ಸಿಕ್ಕಾಪಟ್ಟೆ ಹಳೇದು. ಸುಮಾರು ಸಾವಿರದ ಎಂಟುನೂರು ವರ್ಷದ ಹಿಂದೆ ರೋಮ್‌ನಲ್ಲಿದ್ದ ವೈದ್ಯ ಗ್ಯಾಲೆನ್, ಕಿರುಚ್ತಾ ಇರೋ ಹಂದಿಯ ಕತ್ತಿನ ನರ ಬಿಗಿದು, ಅದು ತಟ್ಟನೆ ಮೂಕವಾಗೋದನ್ನ ಜನರ ಮುಂದೆ ತೋರಿಸಿದ್ದ. ಕತ್ತಿನ ಗಡ್ಡೆ ತೆಗೆಯೋಕೆ ಹೋದವರು ಈ ನರ ಕತ್ತರಿಸಿ ಒಬ್ಬ ಹುಡುಗನನ್ನ ಮೂಕ ಮಾಡಿದ್ದನ್ನೂ ಅವನೇ ಬರೆದಿಟ್ಟಿದ್ದಾನೆ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಥೈರಾಯ್ಡ್‌ಗೆ ಕೈ ಹಾಕೋದು ಅಂದರೆ ಕಟುಕರ ಕೆಲಸ ಅಂತಲೇ ದೊಡ್ಡ ಸರ್ಜನ್‌ಗಳು ಹೆದರ್ತಿದ್ದರು. ಅದನ್ನ ಬದಲಾಯಿಸಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಕರ್. ನಿಧಾನ, ರಕ್ತ ಇಲ್ಲ, ಒಂದೊಂದೇ ಎಳೆ ಬಿಡಿಸೋ ಕೈ. ನೂರಕ್ಕೆ ಹತ್ತಕ್ಕೂ ಹೆಚ್ಚಿದ್ದ ಸಾವನ್ನ ಅವರು ನೂರಕ್ಕೆ ಒಂದಕ್ಕಿಂತ ಕೆಳಗಿಳಿಸಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು, ಅದು ಸರ್ಜನ್ ಒಬ್ಬರಿಗೆ ಸಿಕ್ಕ ಮೊದಲ ನೊಬೆಲ್. ಕೋಕರ್ ಬಗ್ಗೆ ಓದಿದ ದಿನ ನನಗೆ ಒಳ್ಳೆ ನಿದ್ದೆ ಬಂತು.

ಕಾಯೋರ ಕಡೆಯಿಂದ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿದಾಗ ಸಿಕ್ಕವರು ಫ್ಯಾನಿ ಬರ್ನಿ. ಇಂಗ್ಲಿಷ್ ಕಾದಂಬರಿಗಾರ್ತಿ, ಫ್ರೆಂಚ್ ಸೇನಾಧಿಕಾರಿಯನ್ನ ಮದುವೆಯಾಗಿ ಪ್ಯಾರಿಸ್‌ನಲ್ಲಿದ್ದರು. 1811ರಲ್ಲಿ ಬಲಸ್ತನದಲ್ಲಿ ಗಂಟು. ಮಾಡೋ ಡಾಕ್ಟರು ನೆಪೋಲಿಯನ್ನನ ಸೇನೆಯ ಸರ್ಜನ್ ಲಾರೆ. ಯಾವ ದಿನ ಅಂತ ಮೊದಲೇ ಹೇಳಿದರೆ ಹೆದರ್ತಾರೆ ಅಂತ, ಸೆಪ್ಟೆಂಬರ್ 30ರ ಬೆಳಗ್ಗೆ, ಬರೋಕೆ ಎರಡು ಗಂಟೆ ಮೊದಲಷ್ಟೇ ಚೀಟಿ ಕಳಿಸಿದರು. ಆಪರೇಷನ್ ಮನೆಯಲ್ಲೇ. ಅರಿವಳಿಕೆ ಅನ್ನೋದು ಬರೋಕೆ ಇನ್ನೂ ಮೂವತ್ತೈದು ವರ್ಷ ಇತ್ತು.

ಡಾಕ್ಟರುಗಳು ಬರೋದು ತಡವಾಯ್ತು. ಹಾಲ್‌ನಲ್ಲಿ ರಾಶಿ ಹಾಕಿದ ಬ್ಯಾಂಡೇಜು, ಸ್ಪಂಜು ನೋಡಿ ಫ್ಯಾನಿಗೆ ಹೊಟ್ಟೆ ತೊಳಸಿತು. ಅತ್ತಿಂದಿತ್ತ ನಡೆದು ನಡೆದು ಮನಸ್ಸು ಮರಗಟ್ಟಿತು. ಗಡಿಯಾರ ಮೂರು ಹೊಡೀತು. ಆಗ ಮಾಡಿದ ಕೆಲಸ ನೋಡಿ. ನೋವಿನಿಂದಾಗಿ ಎಷ್ಟೋ ಕಾಲದಿಂದ ಬಲಗೈಗೆ ಪೆನ್ನು ಮುಟ್ಟಿಸಿರಲಿಲ್ಲ. ಇನ್ನು ಈ ಕೈಯನ್ನ ಉಳಿಸಿಕೊಂಡು ಏನು ಅಂತ ಪೆನ್ನು ಎತ್ತಿಕೊಂಡು, ಗಂಡನಿಗೆ ನಾಲ್ಕು ಸಾಲು, ಮಗನಿಗೆ ನಾಲ್ಕು ಸಾಲು ಬರೆದರು, ತಾನು ಬದುಕದಿದ್ದರೆ ಇರಲಿ ಅಂತ. ಆಮೇಲೆ ಸುಮಾರು ಇಪ್ಪತ್ತು ನಿಮಿಷದ ಆಪರೇಷನ್, ಪೂರ್ತಿ ಎಚ್ಚರದಲ್ಲಿ. ಬದುಕಿದರು, 1840ರವರೆಗೆ. ಆ ದಿನದ ಬಗ್ಗೆ ಅಕ್ಕನಿಗೆ ಒಂದು ಉದ್ದದ ಪತ್ರ ಬರೆದರು. ಅದನ್ನ ಮುಗಿಸೋಕೆ ತಿಂಗಳುಗಳೇ ಹಿಡಿದವು, ಬರೆದದ್ದನ್ನ ತಿರುಗಿ ಓದೋಕೂ ಆಗದಷ್ಟು ಸಂಕಟ. ಆ ಪತ್ರ ಇಲ್ಲದಿದ್ದರೆ ಆ ಎರಡು ಗಂಟೆಯ ಕಾಯುವಿಕೆ ಏನು ಅಂತ ಇವತ್ತು ಯಾರಿಗೂ ಗೊತ್ತಿರ್ತಾ ಇರಲಿಲ್ಲ.

ಬರೆದರೆ ಹಗುರಾಗುತ್ತೆ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಅಷ್ಟು ಸಲೀಸಲ್ಲ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರಿಂದ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಕೆಟ್ಟ ಘಟನೆ ಬಗ್ಗೆ ಬರೆಸಿದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಉಳಿದವರಿಗಿಂತ ಕಮ್ಮಿ. ನನ್ನ ನೋಟ್‌ಬುಕ್ಕೂ ಹಾಗೇನೇ. ಬರೆದ ರಾತ್ರಿ ಭಯ ಜಾಸ್ತಿ, ಮೂರನೇ ದಿನಕ್ಕೆ ಅದೇ ಭಯ ಹಳೇ ಪೇಪರ್ ಥರ.

ಭಯ ಜಾಸ್ತಿ ಇರೋ ರಾತ್ರಿಗಳಿಗೆ ನನ್ನ ಹತ್ತಿರ ಇರೋದು ವೈರ್ ಬ್ಯಾಗ್. ಸಂತೆಗೆ ಅಮ್ಮಂದಿರು ತಗೊಂಡು ಹೋಗೋ, ಪ್ಲಾಸ್ಟಿಕ್ ವೈರಲ್ಲಿ ಹೆಣೆಯೋ ಬ್ಯಾಗು. ನಮ್ಮ ಸೋದರತ್ತೆ ಕಲಿಸಿಕೊಟ್ಟದ್ದು. ಎರಡು ಬಣ್ಣದ ಕಟ್ಟು ತಂದು, ಅಳೆದು ಕತ್ತರಿಸಿ, ತಳ ಎಬ್ಬಿಸಿಕೊಂಡರೆ ಆಮೇಲೆ ಗಂಟೇ ಗಂಟು. ಕತ್ತಿನ ಗಂಟಿನ ಬಗ್ಗೆ ಯೋಚಿಸ್ತಾ ಕೈಯಲ್ಲಿ ಗಂಟು ಹಾಕೋಕೆ ಆಗಲ್ಲ, ಎಣಿಕೆ ಬಿಟ್ಟು ಹೋಗುತ್ತೆ. ಅಷ್ಟೇ ಅದರ ಗುಟ್ಟು.

ಇದನ್ನ ಆಸ್ಪತ್ರೆಗಳು ಕಂಡುಕೊಂಡದ್ದು ಕ್ಷಯದ ಕಾಲದಲ್ಲಿ. ನಮ್ಮ ಮೈಸೂರಲ್ಲೇ ಕೆಆರ್‌ಎಸ್ ರಸ್ತೆಯಲ್ಲಿ ಪಿಕೆಟಿಬಿ ಇದೆಯಲ್ಲ, ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ? ಬಸ್ಸಲ್ಲಿ ಹೋಗ್ತಾ ಬೋರ್ಡ್ ನೋಡಿರ್ತೀರಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ತುತ್ತಾದರು, ಅವರ ಹೆಣ್ಣುಮಕ್ಕಳೂ ಅದಕ್ಕೇ ಹೋದರು. ಅರಮನೆಯೊಳಗೇ ಬಂದ ರೋಗ. ಅವರ ನೆನಪಿಗೆ 1921ರಲ್ಲಿ ಊರಾಚೆ ಗಾಳಿ ಬೆಳಕಿರೋ ಜಾಗದಲ್ಲಿ ಶುರುವಾದ ಸ್ಯಾನಟೋರಿಯಂ ಅದು. ಕ್ಷಯಕ್ಕೆ ಆಗ ಮಾತ್ರೆ ಇಲ್ಲ. ಗಾಳಿ, ಹಾಲು ಮೊಟ್ಟೆ, ಮಂಚ. ಆಪರೇಷನ್ ಅಂದರೆ, ಆ ಕಾಲದ ದೊಡ್ಡ ಸ್ಯಾನಟೋರಿಯಂಗಳಲ್ಲಿ, ಪಕ್ಕೆಲುಬು ತೆಗೆದು ಶ್ವಾಸಕೋಶವನ್ನ ಕುಗ್ಗಿಸೋದು. ಒಂದೇ ಸಲಕ್ಕೆ ಮಾಡಿದರೆ ರೋಗಿ ತಡೆಯಲ್ಲ ಅಂತ ಎರಡು ಮೂರು ಕಂತಿನಲ್ಲಿ, ನಡುವೆ ವಾರಗಟ್ಟಲೆ ಬಿಟ್ಟು. ಮೊದಲನೇದು ಹೇಗಿತ್ತು ಅಂತ ಗೊತ್ತಿದ್ದೂ ಎರಡನೇದಕ್ಕೆ ಕಾಯಬೇಕು.

ಆ ಖಾಲಿ ದಿನಗಳನ್ನ ಏನು ಮಾಡೋದು? ಇಂಗ್ಲೆಂಡಿನ ಫ್ರಿಮ್ಲಿ ಸ್ಯಾನಟೋರಿಯಂನಲ್ಲಿ ಡಾ. ಮಾರ್ಕಸ್ ಪ್ಯಾಟರ್ಸನ್ 1905ರಿಂದ ಕೆಲಸವನ್ನೇ ಔಷಧಿ ಥರ ಅಳೆದು ಕೊಡೋಕೆ ಶುರು ಮಾಡಿದರು. ಮೊದಲು ನಡಿಗೆ, ಆಮೇಲೆ ಬುಟ್ಟಿ ಹೊರೋದು, ಆಮೇಲೆ ಸಲಿಕೆ. (ಆಸ್ಪತ್ರೆಗೆ ಆಳಿನ ಕೂಲಿ ಉಳಿದದ್ದೂ ನಿಜ, ಅದನ್ನ ಮರೆಯೋದು ಬೇಡ.) ಅಮೆರಿಕದಲ್ಲಿ ಜಾರ್ಜ್ ಬಾರ್ಟನ್ ಅನ್ನೋ ವಾಸ್ತುಶಿಲ್ಪಿಗೆ ಕ್ಷಯ, ಮೇಲೆ ಕಾಲ್ಬೆರಳುಗಳನ್ನ ಕತ್ತರಿಸಬೇಕಾಗಿ ಬಂತು, ದೇಹದ ಎಡಭಾಗ ಸ್ವಾಧೀನ ತಪ್ಪಿತು. ಬಡಗಿ ಕೆಲಸ, ತೋಟದ ಕೆಲಸ ಮಾಡ್ತಾ ಮಾಡ್ತಾ ಚೇತರಿಸಿಕೊಂಡ ಅವರು 1914ರಲ್ಲಿ ತಮ್ಮಂಥವರಿಗೆ ಒಂದು ಮನೆ ತೆರೆದರು. ಹೆಸರು 'ಕನ್ಸೊಲೇಷನ್ ಹೌಸ್', ಸಮಾಧಾನದ ಮನೆ. 1917ರಲ್ಲಿ ಆಕ್ಯುಪೇಷನಲ್ ಥೆರಪಿಯ ಮೊದಲ ಸಂಘ ಹುಟ್ಟಿದ್ದು ಅದೇ ಮನೆಯಲ್ಲಿ. ನಮ್ಮ ದೇಶಕ್ಕೆ ಅದನ್ನ ತಂದವರು ಕಮಲಾ ನಿಂಬ್ಕರ್, ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾದವರು. 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಅದರ ಶಾಲೆ ಶುರು ಮಾಡಿದರು.

ಆ ಉದ್ದ ಕಾಯುವಿಕೆ ಮುಗಿದದ್ದು ಮಾತ್ರ ಕಸೂತಿಯಿಂದಲ್ಲ, ಮಾತ್ರೆಯಿಂದ. 1959ರಲ್ಲಿ ಮದ್ರಾಸಿನ ಅಧ್ಯಯನವೊಂದು ಪ್ರಕಟವಾಯ್ತು. ಇಕ್ಕಟ್ಟಾದ ಮನೆಯಲ್ಲಿ, ಅರೆಹೊಟ್ಟೆಯಲ್ಲಿ, ಕೆಲಸ ಮಾಡ್ಕೊಂಡೇ ಮಾತ್ರೆ ನುಂಗಿದವರೂ, ಸ್ಯಾನಟೋರಿಯಂನಲ್ಲಿ ಮಲಗಿ ಒಳ್ಳೆ ಊಟ ಮಾಡಿದವರೂ ಹೆಚ್ಚುಕಮ್ಮಿ ಒಂದೇ ಥರ ಗುಣವಾಗಿದ್ದರು. ಅದೇ ವರ್ಷ ಬೆಂಗಳೂರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು, ನೆಹರೂ ಬಂದು ಉದ್ಘಾಟನೆ ಮಾಡಿದರು.

ಇಷ್ಟೆಲ್ಲ ಉತ್ಸಾಹದಿಂದ ಅತ್ತೆಗೆ ಹೇಳಿದೆ. ಅತ್ತೆ ಮೂವತ್ತು ವರ್ಷದಿಂದ ಮನೆಯಲ್ಲೇ ಊದಿನಕಡ್ಡಿ ಹೊಸೆಯೋರು. ಇದ್ದಿಲಪುಡಿ, ಜಿಗಟು ಕಲಸಿದ ಹಿಟ್ಟು, ಮುಂದೆ ಹಲಗೆ, ಸಾವಿರಕ್ಕೆ ಇಷ್ಟು ಅಂತ ಕೂಲಿ. ಬೆರಳ ತುದಿ ಯಾವತ್ತೂ ಕಪ್ಪು. ಅವರಿಗೂ ಒಂದು ಕಾಲದಲ್ಲಿ ಗರ್ಭಕೋಶದ ಆಪರೇಷನ್ ಆಗಿತ್ತು.

"ಆಗ ನೀವೂ ಹೀಗೇ ಏನಾದ್ರೂ ಹೆಣೀತಾ ಇದ್ರಾ ಅತ್ತೆ?" ಅಂದೆ.

"ನಂಗೆಲ್ಲಿತ್ತೇ ಪುರುಸೊತ್ತು. ಅಡ್ಮಿಟ್ ಆಗೋ ಹಿಂದಿನ ರಾತ್ರಿನೂ ಹೊಸ್ತಿದ್ದೆ. ಆಸ್ಪತ್ರೆಯಿಂದ ಬಂದ್ಮೇಲೆ ಎರಡು ತಿಂಗಳು ಕೂರಕ್ಕಾಗಲ್ಲ ಅಂದ್ರಲ್ಲ, ಅದಕ್ಕೆ ಮೊದಲೇ ಸೇರಿಸಿಟ್ಕೊಂಡೆ."

"ಭಯ ಆಗ್ಲಿಲ್ವಾ?"

ಅತ್ತೆ ಹಲಗೆ ಮೇಲಿನ ಕಡ್ಡಿ ಪಕ್ಕಕ್ಕಿಟ್ಟರು. "ಆಯ್ತು. ಕೈ ಹೊಸೀತಾನೇ ಇತ್ತು, ಕಣ್ಣಲ್ಲಿ ನೀರು ಬರ್ತಾನೇ ಇತ್ತು. ಆ ರಾತ್ರಿದು ಎಷ್ಟು ಸಾವಿರ ಆಯ್ತು ಅಂತ ನಂಗಿನ್ನೂ ಗ್ಯಾಪಕ ಇದೆ. ನೀನು ಬರ್ಕೊತೀಯಲ್ಲ, ಬರ್ಕೊ. ಮೂರು."

ಬರೆದುಕೊಂಡೆ. ಆಮೇಲೆ ದಿನಾ ಸಂಜೆ ಅವರು ಹೇಳ್ತಾರೆ, ನಾನು ಬರೀತೀನಿ. ಮಾವ ಕ್ಯಾರಿಯರ್ ತಂದು ವಾರ್ಡ್ ಹೊರಗೇ ನಿಂತಿದ್ದು, ಪಕ್ಕದ ಮಂಚದವರು ಪದ ಹೇಳಿಕೊಟ್ಟಿದ್ದು, ಹೊಲಿಗೆ ಬಿಚ್ಚಿದ ದಿನ ಮೊದಲು ಕೇಳಿದ್ದು "ಹಲಗೆ ಮುಂದೆ ಯಾವಾಗ ಕೂರಬಹುದು" ಅಂತ. ಹದಿನೇಳು ಪುಟ ಆಗಿದೆ.

ನನ್ನ ಹೊಸ ಡೇಟ್ ಮುಂದಿನ ಮಂಗಳವಾರ. ವೈರ್ ಬ್ಯಾಗಿಗೆ ಹಿಡಿ ಹಾಕೋದೊಂದು ಬಾಕಿ. ಮುಂದಿನ ಎರಡು ಎಪಿಸೋಡ್ ರೆಕಾರ್ಡ್ ಮಾಡಿ ಇಟ್ಟಿದ್ದೀನಿ. ಮೂರನೇದರ ಸ್ಕ್ರಿಪ್ಟ್ ಬರೆದು ಟೇಬಲ್ ಮೇಲಿಟ್ಟಿದ್ದೀನಿ, ದೊಡ್ಡ ಅಕ್ಷರದಲ್ಲಿ, ಬೇರೆಯವರು ಓದೋದಾದರೂ ತೊಡಕಾಗಬಾರದು ಅಂತ.