ಆಟವೂ ಗುಳೇ ಹೋಗುವುದುಂಟೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಸೀಮೆಯ ಜನಕ್ಕೆ ‘ಗುಳೇ’ ಎಂಬ ಮಾತಿನ ಅರ್ಥವನ್ನು ನಿಘಂಟು ತೆರೆದು ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಯ ಕದಕ್ಕೆ ಬೀಗ ಬೀಳುತ್ತದೆ. ದುಡಿಯುವ ಕೈಗಳೆಲ್ಲ ಪುಣೆಗೋ ಗೋವೆಗೋ ಬೆಂಗಳೂರಿಗೋ ಹೊರಡುತ್ತವೆ. ಮುದುಕರು ಊರು ಕಾಯುತ್ತಾರೆ. ಈ ದಿನ ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಗುಳೇಯ ಚರಿತ್ರೆ. ಅದು ಆಟದ ತಂಡಗಳ ಗುಳೇ. ತಂಡವೊಂದು ತಾನು ಬೆಳೆದ ಊರನ್ನು ಬಿಟ್ಟು ಹೋಗುವುದೆಂದರೇನು, ಹಾಗೆ ಹೋಗಲು ಮೈದಾನವೇ ಕಾರಣವೆ, ಹೋದ ಮೇಲೆ ಅದರ ಬೆಲೆಯನ್ನು ತೆರುವವರಾರು ಎಂಬುದು ಪ್ರಶ್ನೆ.

ಈ ಪ್ರಶ್ನೆ ನಮ್ಮ ನಾಡಿನಲ್ಲಿ ಎದ್ದದ್ದು ದುಃಖದ ಸಂದರ್ಭದಲ್ಲಿ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಹದಿನೆಂಟು ವರ್ಷ ಕಾದು, 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಐಪಿಎಲ್ ಪ್ರಶಸ್ತಿಯನ್ನು ಗೆದ್ದಿತು. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಸುಮಾರು 35,000 ಮಂದಿ ಹಿಡಿಸುವ ಆ ಅಂಗಣದ ಸುತ್ತ ಲಕ್ಷಗಟ್ಟಲೆ ಜನ ಕೂಡಿದರು. ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಜನ ಪ್ರಾಣ ಕಳೆದುಕೊಂಡರು. ಒಳಗೆ ಹಾರ ತುರಾಯಿ, ಹೊರಗೆ ಹೆಣ. ಬಳಿಕ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಆಯೋಗವು, ಈ ಅಂಗಣ ಭಾರೀ ಜನಸಂದಣಿಯ ಸಮಾರಂಭಗಳಿಗೆ ಸುರಕ್ಷಿತವಲ್ಲ, ಅಂಥವನ್ನು ಬೇರೆಡೆಗೆ ಒಯ್ಯುವುದು ಲೇಸು ಎಂದು ವರದಿ ಕೊಟ್ಟಿತು.

ಆ ಅಂಗಣಕ್ಕೂ ಒಂದು ಚರಿತ್ರೆಯುಂಟು. ಅದರ ಅಸ್ತಿವಾರ ಬಿದ್ದದ್ದು 1970ರಲ್ಲಿ. ಅದಕ್ಕೆ ಮುನ್ನ ಬೆಂಗಳೂರಿನ ದೊಡ್ಡ ಪಂದ್ಯಗಳು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿದ್ದವು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರಿನಲ್ಲಿ. ಕೆಲವೇ ತಿಂಗಳಲ್ಲಿ, 1974ರಲ್ಲಿ, ಆ ಹೆಸರು ಹೊತ್ತ ತಂಡ ಬೆಂಗಳೂರಿನಲ್ಲಿ ಮುಂಬಯಿಯನ್ನು ಮಣಿಸಿತು. ಹದಿನೈದು ವರ್ಷ ಎಡೆಬಿಡದೆ ಮುಂಬಯಿಯ ಕೈಯಲ್ಲಿದ್ದ ರಣಜಿ ಕಿರೀಟ ಅಂದು ಕಳಚಿತು. ಅದೇ ವರ್ಷದ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅಲ್ಲಿ ಮೊದಲ ಟೆಸ್ಟ್ ಪಂದ್ಯವಾಯಿತು. ಆ ಕಾಲದ ಬೆಂಗಳೂರಿಗೆ ಹೊಂದುವಂತೆ ಕಟ್ಟಿದ ಮನೆ ಅದು. ಊರು ಬೆಳೆಯಿತು, ಆಟವೂ ಬೇರೆಯಾಯಿತು. ಆದರೆ ಹೊಸಿಲು ದಾಟಿದರೆ ಸಿಗುವುದು ಅದೇ ಕಾಲುದಾರಿ, ಅದೇ ರಸ್ತೆ.

ಇಂಥದೇ ಸಂಕಟವನ್ನು ಅಮೆರಿಕದ ಊರುಗಳು ಬಹಳ ಮುಂಚೆಯೇ ಅನುಭವಿಸಿವೆ. ಅಲ್ಲಿನ ಜನಪ್ರಿಯ ಆಟ ಬೇಸ್‌ಬಾಲ್. ನ್ಯೂಯಾರ್ಕಿನ ಬ್ರೂಕ್ಲಿನ್ ಎಂಬ ಭಾಗದಲ್ಲಿ ಡಾಡ್ಜರ್ಸ್ ಎಂಬ ತಂಡವಿತ್ತು. ಕರಿಯ ಜನಾಂಗದ ಆಟಗಾರರನ್ನು ಹೊರಗಿಟ್ಟಿದ್ದ ಆ ಆಟದ ಮೇಲುಪಂಕ್ತಿಯಲ್ಲಿ 1947ರಲ್ಲಿ ಜಾಕಿ ರಾಬಿನ್‌ಸನ್‌ನನ್ನು ಕಣಕ್ಕಿಳಿಸಿ ಕಟ್ಟು ಮುರಿದ ತಂಡ ಅದು. ಅದರ ನೆಲೆ 1913ರಲ್ಲಿ ತೆರೆದ ಎಬೆಟ್ಸ್ ಫೀಲ್ಡ್. ಅಲ್ಲಿ ಹಿಡಿಸುತ್ತಿದ್ದುದು ಸುಮಾರು 32,000 ಜನ. ಕಾರು ನಿಲ್ಲಿಸಲು ಜಾಗವಿರಲಿಲ್ಲ. ಯಜಮಾನ ವಾಲ್ಟರ್ ಓಮ್ಯಾಲಿ ಬ್ರೂಕ್ಲಿನ್ನಿನಲ್ಲಿಯೇ ಬೇರೊಂದು ನಿವೇಶನವನ್ನು ಬಯಸಿದ. ನಗರದ ಕಟ್ಟಡ ಕಾರ್ಯಗಳ ಮೇಲೆ ಹಿಡಿತವಿದ್ದ ರಾಬರ್ಟ್ ಮೋಸಸ್ ಅದಕ್ಕೆ ಒಪ್ಪದೆ, ಕ್ವೀನ್ಸ್ ಎಂಬ ಇನ್ನೊಂದು ಭಾಗದಲ್ಲಿ ಜಾಗ ತೋರಿಸಿದ. ಇಬ್ಬರೂ ಪಟ್ಟು ಬಿಡಲಿಲ್ಲ. 1955ರಲ್ಲಿ ಬ್ರೂಕ್ಲಿನ್ನಿಗೆ ಅದರ ಏಕೈಕ ವಿಶ್ವಸರಣಿಯನ್ನು ಗೆದ್ದುಕೊಟ್ಟ ತಂಡ ಎರಡೇ ವರ್ಷಗಳಲ್ಲಿ ಊರು ಬಿಟ್ಟು, 1958ರಲ್ಲಿ ಲಾಸ್ ಏಂಜಲೀಸಿನಲ್ಲಿ ಬಿಡಾರ ಹೂಡಿತು. ಹಳೆಯ ಅಂಗಣವನ್ನು 1960ರಲ್ಲಿ ಕೆಡವಿ ಅಲ್ಲಿ ವಸತಿ ಕಟ್ಟಡಗಳನ್ನು ಎಬ್ಬಿಸಿದರು.

ಈ ಕಥೆಯ ಉತ್ತರಾರ್ಧವನ್ನು ಆಟದ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ. ಡಾಡ್ಜರ್ಸ್ ತಂಡಕ್ಕೆ ಹೊಸ ಅಂಗಣವೆದ್ದದ್ದು ಲಾಸ್ ಏಂಜಲೀಸಿನ ಚಾವೇಸ್ ರವೀನ್ ಎಂಬ ಕಣಿವೆಯಲ್ಲಿ. ಅಲ್ಲಿ ಮೆಕ್ಸಿಕನ್ ಮೂಲದ ಬಡವರ ಮೂರು ವಠಾರಗಳಿದ್ದವು. ಬಡವರಿಗೆ ಸರ್ಕಾರಿ ಮನೆ ಕಟ್ಟುವೆವೆಂದು 1950ರ ದಶಕದ ಆರಂಭದಲ್ಲಿ ಅವರನ್ನು ಒಕ್ಕಲೆಬ್ಬಿಸಿದರು. ಮನೆಗಳ ಯೋಜನೆ ಬಿದ್ದುಹೋಯಿತು. ನೆಲ ತಂಡದ ಪಾಲಾಯಿತು. ಕೊನೆಗುಳಿದಿದ್ದ ಕುಟುಂಬಗಳನ್ನು 1959ರ ಮೇ ತಿಂಗಳಲ್ಲಿ ಪೊಲೀಸರು ಎತ್ತಿ ಹೊರಹಾಕಿದರು. 1962ರಲ್ಲಿ ಅಂಗಣ ತೆರೆಯಿತು. ಆಟ ಬಂದು ನೆಲೆಸಬೇಕಾದರೆ ಆಟ ನೋಡದ ಯಾರೋ ನೆಲೆ ತಪ್ಪಬೇಕಾಯಿತು.

ನೆಲೆ ತಪ್ಪುವುದೆಂದರೇನೆಂದು ಕೃಷ್ಣಾತೀರದವರಿಗೆ ಗೊತ್ತು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು 2006ರಲ್ಲಿ ನಾಡಿಗೆ ಅರ್ಪಿತವಾಗುವುದರೊಳಗೆ ಊರೂರುಗಳೇ ಸ್ಥಳ ಬದಲಿಸಿದವು. ಮೊಸರಿಗೆ ಹೆಸರಾದ ಕೊಲ್ಹಾರವೂ ಹಿನ್ನೀರಿಗೆ ಸಿಕ್ಕಿ ಬೇರೆಡೆ ನೆಲೆಯಾಗಬೇಕಾಯಿತು. ಆದರೂ ಅಲ್ಲಿ ಒಂದು ಸಮಾಧಾನವಿತ್ತು: ನೀರು ಹೊಲಕ್ಕೆ ಹರಿದೀತು ಎಂಬುದು. ಆಟದಂಗಣಕ್ಕಾಗಿ ಮನೆ ಕಳೆದುಕೊಂಡವರಿಗೆ ಆ ಸಮಾಧಾನವೂ ಇಲ್ಲ.

ಒಮ್ಮೆ ಗುಳೇ ಹೊರಟ ತಂಡಕ್ಕೆ ಕಾಲು ನಿಲ್ಲುವುದಿಲ್ಲವೆಂಬುದಕ್ಕೂ ಸಾಕ್ಷಿಯುಂಟು. ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡ 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾಗಿ, 1955ರಲ್ಲಿ ಕ್ಯಾನ್ಸಸ್ ಸಿಟಿಗೆ, 1968ರಲ್ಲಿ ಓಕ್ಲೆಂಡಿಗೆ ಹೋಯಿತು. ಅಲ್ಲಿನ ಅಂಗಣ ಹಳತಾಯಿತು; ಚರಂಡಿಯ ನೀರು ಆಟಗಾರರ ಕೋಣೆಗೆ ನುಗ್ಗಿದ್ದೂ ಆಯಿತು. ಹೊಸ ಅಂಗಣದ ಮಾತುಕತೆ ವರ್ಷಗಟ್ಟಲೆ ನಡೆದು ಮುರಿದುಬಿತ್ತು. 2024ರಲ್ಲಿ ತಂಡ ಆ ಊರನ್ನೂ ಬಿಟ್ಟಿತು. ಲಾಸ್ ವೇಗಾಸಿನಲ್ಲಿ ಹೊಸ ಮನೆ ಸಿದ್ಧವಾಗುವ ತನಕ ಸ್ಯಾಕ್ರಮೆಂಟೊ ಬಳಿಯ ಚಿಕ್ಕ ಮೈದಾನವೊಂದರಲ್ಲಿ ತಂಗುವುದೆಂದಾಯಿತು.

ನಮ್ಮಲ್ಲಿಯೂ ಪಂದ್ಯಗಳು ಊರು ಬಿಟ್ಟದ್ದುಂಟು. 2009ರಲ್ಲಿ ಚುನಾವಣೆಯ ಕಾರಣದಿಂದ ಐಪಿಎಲ್ ಇಡಿಯಾಗಿ ದಕ್ಷಿಣ ಆಫ್ರಿಕಕ್ಕೆ ಹೋಯಿತು. 2018ರಲ್ಲಿ ಕಾವೇರಿಯ ವ್ಯಾಜ್ಯ ಕಾವೇರಿದಾಗ ಚೆನ್ನೈ ತಂಡ ಪುಣೆಯಲ್ಲಿ ಆಡಿತು. 2016ರ ಸಂಗತಿಯಂತೂ ಬರದ ನಾಡಿನವರು ನೆನಪಿಡತಕ್ಕದ್ದು. ಮಹಾರಾಷ್ಟ್ರದಲ್ಲಿ ಜನ ಕುಡಿಯುವ ನೀರಿಗೆ ಬಾಯಿ ಬಿಡುತ್ತಿರುವಾಗ ಹುಲ್ಲುಹಾಸಿಗೆ ನೀರೇ ಎಂದು ಬಾಂಬೆ ಹೈಕೋರ್ಟು ಕೇಳಿ, ಏಪ್ರಿಲ್ 30ರ ನಂತರದ ಪಂದ್ಯಗಳನ್ನು ರಾಜ್ಯದ ಹೊರಗೆ ಕಳಿಸಿತು. ಬರಕ್ಕೆ ಒಕ್ಕಲಿಗನಂತೆ ಆಟವೂ ಗುಳೇ ಹೊರಟಿತು! ಮುಂಬಯಿಯಲ್ಲಿ ಆಗಬೇಕಿದ್ದ ಅಂತಿಮ ಪಂದ್ಯ ನಡೆದದ್ದು ಬೆಂಗಳೂರಿನ ಈ ಚಿನ್ನಸ್ವಾಮಿ ಅಂಗಣದಲ್ಲಿಯೇ. ಅಂದು ಆಶ್ರಯ ಕೊಟ್ಟ ಅಂಗಣವೇ ಒಂಬತ್ತು ವರ್ಷಗಳ ತರುವಾಯ ಪಂದ್ಯಗಳನ್ನು ಹೊರಗೆ ಕಳಿಸಬೇಕಾಯಿತು.

ಹಾಗೆ ಕಳಿಸಿದ್ದರಿಂದ ಕಳೆದುಕೊಂಡದ್ದು ಸಣ್ಣದಲ್ಲ. 2025ರ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಮೊದಲ ಬಾರಿಗೆ ವಿಶ್ವಕಪ್ ಗೆದ್ದದ್ದು ಅಲ್ಲಿಯೇ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ 15 ರನ್ನಿಗೆ ಐದು ವಿಕೆಟ್ ಕಿತ್ತು ಹೆಣ್ಣುಮಕ್ಕಳ ಆಟಕ್ಕೆ ಈ ಜಿಲ್ಲೆಯಲ್ಲಿ ಹೆಸರು ತಂದವಳು. ಅಂಥ ಜಿಲ್ಲೆಯ ಹುಡುಗಿಯರಿಗೆ ಆ ಗೆಲುವನ್ನು ಕನ್ನಡ ನೆಲದಲ್ಲಿ ಕಾಣುವ ಅವಕಾಶ ತಪ್ಪಿತು.

ಇನ್ನು ಪರಿಹಾರದ ಮಾತು. ಬೆಂಗಳೂರಿನ ಹೊರವಲಯದ ಸೂರ್ಯನಗರದಲ್ಲಿ 80,000 ಜನ ಹಿಡಿಸುವ ಅಂಗಣದ ಯೋಜನೆಯನ್ನು ಸರ್ಕಾರ 2025ರಲ್ಲಿ ಮುಂದಿಟ್ಟಿತು. ದೊಡ್ಡ ಅಂಗಣ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅಂದು ಸತ್ತವರು ಅಂಗಣ ಚಿಕ್ಕದಾಯಿತೆಂದಷ್ಟೇ ಸಾಯಲಿಲ್ಲ. ಎಷ್ಟು ಜನ ಬರುವರು, ಯಾವ ಬಾಗಿಲಿನಿಂದ ಬಿಡಬೇಕು, ಮಿಕ್ಕವರನ್ನು ಎಲ್ಲಿ ತಡೆಯಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ ಹೊಣೆ ಹೊತ್ತವರು ಇರಲಿಲ್ಲ. ಹಳ್ಳಿಯ ಜಾತ್ರೆಯಲ್ಲಿ ತೇರೆಳೆಯುವಾಗ ಮಿಣಿ ಹಿಡಿಯುವವರು ಬೇರೆ, ಗಾಲಿಗೆ ಸನ್ನೆಗಟ್ಟಿಗೆ ಕೊಡುವವರು ಬೇರೆ. ಸನ್ನೆ ಕೊಡುವವನು ಕಣ್ಣು ತಪ್ಪಿಸಿದರೆ ತೇರು ಜನರ ಮೇಲೆ ಹರಿಯುತ್ತದೆ; ಬಯಲು ಎಷ್ಟು ವಿಶಾಲವಾಗಿದ್ದರೇನು? ಆ ಹೊಣೆಯನ್ನು ಗೊತ್ತುಪಡಿಸದೆ ಅಂಗಣವನ್ನು ಮಾತ್ರ ದೂರ ಒಯ್ದರೆ ಅಪಾಯವೂ ಜೊತೆಗೇ ಪ್ರಯಾಣ ಮಾಡುತ್ತದೆ.

ಸ್ಥಾವರ, ಜಂಗಮ ಎಂಬ ಮಾತುಗಳು ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಗೆ ಹೊಸವಲ್ಲ. ಅಂಗಣ ಸ್ಥಾವರ, ತಂಡ ಜಂಗಮ ಎನ್ನೋಣವೆಂದರೆ ಒಂದು ತೊಡಕುಂಟು: ನಿಜವಾದ ಜಂಗಮನಿಗೆ ಒಡೆಯನಿಲ್ಲ, ಇಂದಿನ ತಂಡಕ್ಕೆ ಒಡೆಯನಿದ್ದಾನೆ. ಊರಿನ ಹೆಸರನ್ನು ಹೊತ್ತರೂ ಅದು ಊರಿನ ಸೊತ್ತಲ್ಲ. ಲಾಭ ಕಂಡ ಕಡೆಗೆ ಒಯ್ಯಲೂಬಹುದು, ಮಾರಲೂಬಹುದು. ಊರಿನ ಪಾಲಿಗೆ ಉಳಿಯುವುದು ನೆಲ ಮತ್ತು ಮಕ್ಕಳು. ಆದ್ದರಿಂದ 80,000 ಆಸನಗಳ ಲೆಕ್ಕ ಹಾಕುವಾಗ, ಬೆಂಗಳೂರಿನಿಂದ ಐದುನೂರು ಕಿಲೋಮೀಟರಿನಾಚೆ ಇರುವ ತಾಲ್ಲೂಕುಗಳ ಶಾಲೆಗಳಿಗೆ ಬೇಲಿಯುಳ್ಳ ಸಮತಟ್ಟಾದ ಒಂದೊಂದು ಬಯಲು ಉಂಟೇ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಬೇಕು. ಮಳೆಯಾದರೆ ಗುಳೇ ಹೋದ ರೈತ ಮರಳಿ ಬರುತ್ತಾನೆ, ಅವನಿಗೆ ಇಲ್ಲಿ ಹೊಲವಿದೆ. ಬ್ರೂಕ್ಲಿನ್ನಿಗೆ ಡಾಡ್ಜರ್ಸ್ ಮರಳಿ ಬರಲಿಲ್ಲ.